ತುಟಿ ಸೇರದ ಕಾವ್ಯ

"ಗುರುಗಳೇ, ಎಲ್ಲರ ಮುಂದೆ ಕೂತು ಓದಲು ನಾನು ಯಾವ ಗ್ರಂಥವನ್ನು ಆರಿಸಿಕೊಳ್ಳಲಿ?"

ಹೀಗೆ ಕೇಳಿದವನು ಗುರುಸಿದ್ಧನೆಂಬ ಶಿಷ್ಯ. ಬರುವ ಹುಣ್ಣಿಮೆಗೆ ಮಠದ ಅಂಗಳದಲ್ಲಿ ಅವನ ಮೊದಲ ಓದು. ಕಂಠ ಚೆನ್ನಾಗಿತ್ತು. ಚೆನ್ನಾಗಿದೆಯೆಂಬುದು ಅವನಿಗೂ ಗೊತ್ತಿತ್ತು. ಗುರುಗಳು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ನಿನ್ನ ಮನಸ್ಸಿನಲ್ಲಿ ಯಾವುದಿದೆ?" ಎಂದರು.

"ಇರುವುದರಲ್ಲಿ ದೊಡ್ಡದನ್ನೇ ಓದೋಣ ಎಂದುಕೊಂಡಿದ್ದೇನೆ. ಆದರೆ ಅದು ನನ್ನ ಧ್ವನಿಗೆ ಒಪ್ಪುತ್ತದೋ ಇಲ್ಲವೋ ತಿಳಿಯದು. ಒಪ್ಪುವುದು ಎಂದರೇನು, ಅದೂ ಸರಿಯಾಗಿ ತಿಳಿಯದು."

"ಅಷ್ಟು ತಿಳಿಯದು ಎಂದೆಯಲ್ಲ, ಸಂತೋಷ. ಕೂತುಕೋ. ನೀನೂ ಒಂದು ಹಿಡಿ ಸುಲಿ" ಎಂದು ಗುರುಗಳು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಚಿಕ್ಕವನಿದ್ದಾಗ ಗಾಣದ ಎತ್ತು ತಲೆ ಕೊಡವಿ, ಕೊಂಬು ತಾಗಿ, ಅವನ ಮೇಲ್ತುಟಿ ಸೀಳಿತ್ತು. ಗಾಯ ಮಾಯಿತು, ತುಟಿ ಕೂಡಲಿಲ್ಲ. ಉಣ್ಣುವುದಕ್ಕೆ ತೊಂದರೆಯಿರಲಿಲ್ಲ, ದುಡಿಯುವುದಕ್ಕೂ ತೊಂದರೆಯಿರಲಿಲ್ಲ. ತುಟಿಗೆ ತುಟಿ ಸೇರಿಸಿ ಹೇಳುವ ಅಕ್ಷರಗಳು ಮಾತ್ರ ಅವನಿಗೆ ದಕ್ಕುತ್ತಿರಲಿಲ್ಲ. ನೀನೇ ಹೇಳಿ ನೋಡು: ಪ, ಬ, ಮ. ತುಟಿ ಮುಚ್ಚದೆ ಬರುತ್ತವೆಯೇ? ಪ, ಬ ಇರುವ ಕಡೆ ಅವನ ಬಾಯಿಂದ ಬರೀ ಗಾಳಿ ಹೊರಡುತ್ತಿತ್ತು. ಮ ಎಂದರೆ ನ ಎಂದು ಕೇಳಿಸುತ್ತಿತ್ತು.

ಮ ಹೋಗಿ ನ ಬಂದರೆ ಏನು ಮಹಾ ಎನ್ನಬೇಡ. ಒಮ್ಮೆ ಸಂತೆಯಲ್ಲಿ ಅವನ ಮೂರು ಕುರಿಮರಿಗಳು ತಪ್ಪಿಸಿಕೊಂಡವು. "ಮೂರು ಮರಿ! ಮೂರು ಮರಿ!" ಎಂದು ಕೂಗುತ್ತ ಹಿಂದೆಯೇ ಓಡಿದ. ಜನಕ್ಕೆ ಕೇಳಿಸಿದ್ದು "ನೂರು ನರಿ! ನೂರು ನರಿ!" ಅರ್ಧ ಸಂತೆ ನಕ್ಕಿತು. ಇನ್ನರ್ಧ ಕೋಳಿಪಂಜರ ಹೊತ್ತುಕೊಂಡು ಓಡಿತು. ಅಂದಿನಿಂದ ಊರವರು ಅವನನ್ನು ನೂರುನರಿ ಗಾಣಿಗ ಎಂದೇ ಕರೆದರು.

ನಗು, ನಗು, ಪರವಾಗಿಲ್ಲ. ಅವರೂ ನಕ್ಕರು. ಅವನು ಮಾತ್ರ ಆಮೇಲೆ ಆ ಅಕ್ಷರಗಳ ತಂಟೆಗೇ ಹೋಗಲಿಲ್ಲ. ಅವುಗಳ ಪಕ್ಕದಿಂದ ನಡೆದುಹೋಗುವುದನ್ನು ಕಲಿತ. ಮನೆ ಎನ್ನದೆ ಹಟ್ಟಿ ಎಂದ. ಮಾತು ಎನ್ನದೆ ನುಡಿ ಎಂದ. ಬೇಡ ಎನ್ನುವ ಕಡೆ ಒಲ್ಲೆ ಎಂದ. ಮೂರು ಸೇರು ಎನ್ನಬೇಕಾದಾಗ ಎರಡು ಸೇರು, ಅದರ ಜತೆಗೆ ಒಂದು ಎಂದ. ಹೆಂಡತಿಯ ಹೆಸರು ಬೊಮ್ಮಕ್ಕ. ಅದನ್ನು ಅವನು ಬಾಯಲ್ಲಿ ತರುವ ಹಾಗೆಯೇ ಇರಲಿಲ್ಲ. "ಏ, ಇವಳೇ" ಎಂದು ಕರೆದೇ ಸಂಸಾರ ತೂಗಿಸಿದ. ಗಂಡಸರೆಲ್ಲ ಹಾಗೇ ಕರೆಯುವುದರಿಂದ ಅದು ಯಾರಿಗೂ ವಿಚಿತ್ರವೆನಿಸಲಿಲ್ಲ. ಹೆಣ್ಣು ಕೂಸು ಹುಟ್ಟಿದಾಗ ಹೆಂಡತಿ ಹೇಳಿದ ಹೆಸರುಗಳನ್ನೆಲ್ಲ ಬಿಟ್ಟು ಸಾತಕ್ಕ ಎಂದು ಹೆಸರಿಟ್ಟ. ಆ ಹೆಸರು ಅವನಿಗೆ ಬರುತ್ತಿತ್ತು.

ಕೇಳುವವರು ಇವನು ಸ್ವಲ್ಪ ಯೋಚಿಸಿ ಮಾತಾಡುವ ಮನುಷ್ಯ ಎಂದುಕೊಂಡರು. ಎಷ್ಟು ಯೋಚಿಸುತ್ತಿದ್ದ ಎಂಬುದು ಯಾರಿಗೂ ತಿಳಿಯಲಿಲ್ಲ. ಒಂದೊಂದು ಮಾತಿಗೂ ಮೊದಲು ಮನಸ್ಸಿನಲ್ಲೇ ದಾರಿ ನೋಡಿಕೊಂಡು, ಹಳ್ಳ ಕಂಡರೆ ಸುತ್ತಿ ಬರುತ್ತಿದ್ದ. ನನಗೆ ಆ ಮನುಷ್ಯನ ಮೇಲೆ ಬಹಳ ಗೌರವ.

ಆ ಊರಿನಲ್ಲೊಂದು ಪದ್ಧತಿಯಿತ್ತು. ಮದುವೆಯ ಹಿಂದಿನ ಸಂಜೆ ಗಂಡಿನ ಕಡೆಯವರು ಬಂದು ಚಪ್ಪರದಲ್ಲಿ ಕೂತ ಮೇಲೆ, ಹೆಣ್ಣಿನ ತಂದೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಗ್ರಂಥವನ್ನು ಗಟ್ಟಿಯಾಗಿ ಓದಬೇಕು. ಯಾವ ಗ್ರಂಥ ಎಂಬುದು ಅವನ ಇಷ್ಟ. ಇದಕ್ಕೆ ಮಡಿಲೋದು ಎನ್ನುತ್ತಿದ್ದರು. ತಂದೆ ಸತ್ತುಹೋಗಿದ್ದರೆ ಸೋದರಮಾವ ಓದುತ್ತಿದ್ದ. ಹಾಗೆ ಬಂದ ಸೊಸೆಯನ್ನು ಗಂಡನ ಮನೆಯವರು ತಂದೆಯಿಲ್ಲದವಳು ಎಂದೇ ನಡೆಸಿಕೊಳ್ಳುತ್ತಿದ್ದರು. ಕೇಳಲು ಯಾರೂ ಬರುವುದಿಲ್ಲ ಎಂಬ ಧೈರ್ಯ ಬಂದರೆ ಒಳ್ಳೆಯ ಅತ್ತೆಯ ನಾಲಗೆಯೂ ಉದ್ದವಾಗುತ್ತದೆ.

ಸಾತಕ್ಕನಿಗೆ ಗಂಡು ಗೊತ್ತಾಯಿತು. ಗಂಡಿನ ತಂದೆ ಕಾಳುಕಡಿಯ ವ್ಯಾಪಾರಿ. ಮಾತಿನಲ್ಲಿ ಬಲು ಜೋರು. ಎದುರಿದ್ದವರ ತಪ್ಪು ಹುಡುಕಿ ಆಡಿಕೊಳ್ಳುವುದೆಂದರೆ ಅವನಿಗೆ ಹಬ್ಬದೂಟ. ಗಾಣಿಗನ ಹೆಂಡತಿಗೆ ಊಟ ಸೇರದಾಯಿತು.

"ನಮ್ಮಣ್ಣ ಓದ್ಲಿ ಬಿಡಿ" ಎಂದಳು. "ನೀವು ಓದಿ, ಆ ಜನ ನಕ್ಕು, ನಾಳೆಯಿಂದ ಅವಳನ್ನ ನೂರುನರಿ ಮಗಳು ಅಂತ ಕರೆದ್ರೆ, ಅದು ಹೇಗೆ ಬಾಳ್ತದೆ?"

"ತಂದೆ ಇದೀನಿ ನಾನು. ನಾನೇ ಓದ್ತೀನಿ" ಎಂದ ಗಾಣಿಗ.

ಹೇಳುವುದು ಸುಲಭ. ಯಾವುದನ್ನು ಓದುವುದು? ಊರಿನಲ್ಲಿ ಎಲ್ಲರೂ ಮಡಿಲೋದಿಗೆ ಆರಿಸುತ್ತಿದ್ದದ್ದು ಯುದ್ಧದ ಕತೆಯಿರುವ ದೊಡ್ಡ ಪುರಾಣವನ್ನು. ನಿನ್ನಂತೆಯೇ. ಗಾಣಿಗನೂ ಅದನ್ನೇ ತಂದು ಗಾಣದ ಎತ್ತಿನ ಮುಂದೆ ಓದಿ ನೋಡಿದ. ಮೊದಲ ಸಾಲೇ ಮೂರು ಲೋಕದ ಒಡೆಯ ಎಂದಿತ್ತು. ಅವನ ಬಾಯಲ್ಲಿ ದೇವರಿಗೆ ನೂರು ಲೋಕವಾಯಿತು. ಎತ್ತು ನಗಲಿಲ್ಲ, ಹಿಂಡಿ ಒಯ್ಯಲು ಬಂದಿದ್ದ ಹೆಂಗಸರು ನಕ್ಕರು. ಪುರಾಣವನ್ನು ಕೊಟ್ಟುಬಂದು ನೀತಿಯ ಗ್ರಂಥ ತಂದ. ಅದರಲ್ಲಿ ಸಾಲಿಗೊಂದು ಪಾಪ, ಸಾಲಿಗೊಂದು ಪುಣ್ಯ. ಅದನ್ನು ಕೊಟ್ಟುಬಂದು ಭಕ್ತಿಯ ಗ್ರಂಥ ತಂದ. ಭಕ್ತಿ ಎಂಬ ಮಾತೇ ಹೊರಡಲಿಲ್ಲ.

ಆಗ ಅವನಿಗೆ ಭಯವಾಯಿತು. ಮಾತಾಡುವಾಗ ಒಲ್ಲದ ಅಕ್ಷರವನ್ನು ಬದಿಗಿಡಬಹುದು. ಓದುವಾಗ ಇನ್ನೊಬ್ಬರು ಬರೆದದ್ದನ್ನು ಇದ್ದ ಹಾಗೆ ಹೇಳಬೇಕು. ಇಷ್ಟು ವರ್ಷ ಸುತ್ತಿ ನಡೆದ ಹಳ್ಳಗಳೆಲ್ಲ ಒಂದೊಂದು ಓಲೆಯಲ್ಲೂ ಬಾಯಿ ತೆರೆದುಕೊಂಡು ಕೂತಿದ್ದವು.

ಅದೇ ಊರಿನಲ್ಲಿ ಒಬ್ಬ ಮುದಿ ಕವಿಯಿದ್ದ. ಅವನ ಮನೆಗೆ ದೀಪದ ಎಣ್ಣೆ ಕೊಡುತ್ತಿದ್ದವನು ಇದೇ ಗಾಣಿಗ. ಒಂದು ದಿನ ಎಣ್ಣೆ ಅಳೆದು ಕೊಟ್ಟವನು ಹೊರಡದೆ ಬಾಗಿಲಲ್ಲೇ ನಿಂತ.

"ಅಯ್ಯಾ, ತುಟಿಗೆ ತುಟಿ ಸೇರದೆ ಓದಲಾಗುವ ಗ್ರಂಥ ಎಲ್ಲಾದರೂ ಇದೆಯೇ?"

ಕವಿ ಥಟ್ಟನೆ ತಲೆಯೆತ್ತಿದ. "ಯಾರು ಕಳಿಸಿದರು ನಿನ್ನನ್ನು? ನನ್ನನ್ನು ಗೇಲಿ ಮಾಡಲಿಕ್ಕೆ ಬಂದೆಯೇನು?"

"ಯಾರೂ ಕಳಿಸಲಿಲ್ಲ ಅಯ್ಯಾ. ಅದು ಸಿಗದಿದ್ದರೆ ನನ್ನ ಕೂಸಿಗೆ ತಂದೆ ಇದ್ದೂ ಇಲ್ಲದ ಹಾಗೆ ಆಗುತ್ತದೆ."

ಕವಿ ರೇಗಿದ್ದಕ್ಕೆ ಕಾರಣವಿತ್ತು. ಪ್ರಾಯದಲ್ಲಿ ಅವನು ಅಂಥದೇ ಒಂದು ಕಾವ್ಯ ಬರೆದಿದ್ದ. ತುಟಿ ಸೇರದ ಅಕ್ಷರಗಳಲ್ಲೇ ಇಡೀ ಕಾವ್ಯ ಕಟ್ಟಬಲ್ಲವರು ಯಾರಾದರೂ ಉಂಟೇ ಎಂದು ಆ ನಾಡಿನ ದೊರೆ ಸವಾಲು ಹಾಕಿದ್ದ. ಕವಿ ಕೆಳತುಟಿಗೆ ಕುಂಕುಮ ಹಚ್ಚಿಕೊಂಡು ಸಭೆಯಲ್ಲಿ ಕೂತು ಮೊದಲಿಂದ ಕೊನೆಯವರೆಗೂ ಓದಿದ. ಮೇಲ್ತುಟಿಗೆ ಒಂದು ಕಣ ಕೆಂಪೂ ಹತ್ತಲಿಲ್ಲ. ಸಭೆ ಭಲೇ ಎಂದಿತು. ದೊರೆ ಶಾಲು ಹೊದಿಸಿದ. ಆದರೆ ಓದಿನ ಉದ್ದಕ್ಕೂ ಎಲ್ಲರೂ ಕುಂಕುಮವನ್ನೇ ನೋಡುತ್ತಿದ್ದರು. ಕಾವ್ಯದಲ್ಲೊಂದು ಕತೆಯಿದೆ ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಆಮೇಲೆ ಅದನ್ನು ಯಾರೂ ಕೇಳಲಿಲ್ಲ, ಯಾರೂ ಓದಲಿಲ್ಲ. ಅದು ದೊಂಬರಾಟದ ಕಾವ್ಯ ಎಂದು ಪಂಡಿತರು ಹಿಂದಿನಿಂದ ಆಡಿಕೊಂಡದ್ದೂ ಕವಿಯ ಕಿವಿಗೆ ಬಿದ್ದಿತ್ತು.

ಅವನು ಅಟ್ಟದಿಂದ ಓಲೆಯ ಕಟ್ಟು ಇಳಿಸಿ, ದೂಳು ಕೊಡವಿ, ಗಾಣಿಗನ ಕೈಗೆ ಕೊಟ್ಟ. "ಓದು ನೋಡೋಣ."

ಗಾಣಿಗ ಅಲ್ಲೇ ಕೂತು ಮೊದಲ ಓಲೆ ಓದಿದ. ಎಲ್ಲೂ ಎಡವಲಿಲ್ಲ. ಎರಡನೆಯದನ್ನೂ ಓದಿದ. ಒಂದು ಗಿರಿ ತನ್ನಲ್ಲಿ ಹುಟ್ಟಿದ ನದಿಯನ್ನು ಕಡಲಿಗೆ ಕೊಟ್ಟು ಕಳಿಸುವ ಕತೆ ಅದು. ಸೀಳಿದ ತುಟಿಯಿಂದ ಉಸಿರು ಸೋರುತ್ತಿತ್ತು. ಗುಡ್ಡದ ತುದಿಯಲ್ಲಿ ಗಾಳಿ ಆಡಿದ ಹಾಗೆ ಕೇಳಿಸಿತು. ಕವಿ ತಾನು ಬರೆದದ್ದನ್ನು ತಾನೇ ಮೊದಲ ಸಲ ಕೇಳುತ್ತಿರುವವನಂತೆ ಕೂತುಬಿಟ್ಟ. ಆಮೇಲೆ ಅವನಿಗೆ ಇನ್ನೊಂದು ಹೊಳೆಯಿತು. ಬಂದಾಗಿನಿಂದ ಈ ಗಾಣಿಗ ಆಡಿದ ಒಂದು ಮಾತಿನಲ್ಲೂ ತುಟಿ ಸೇರುವ ಅಕ್ಷರವಿರಲಿಲ್ಲ.

"ಅಯ್ಯೋ ಮಾರಾಯ!" ಎಂದು ಹಣೆ ಚಚ್ಚಿಕೊಂಡು ನಕ್ಕ. "ನಾನು ಶಾಲಿನ ಆಸೆಗೆ ಒಂದು ಕಾವ್ಯ ಬರೆಯುವಷ್ಟರಲ್ಲಿ ಸುಸ್ತಾದೆ. ನೀನು ಬೆಳಗಾಗೆದ್ದು ಎಣ್ಣೆ ಮಾರುತ್ತ ಇದನ್ನೇ ಆಡುತ್ತಿದ್ದೀಯಲ್ಲೋ!"

ಗಾಣಿಗ ಓಲೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡ. ಕವಿ ಬಾಗಿಲವರೆಗೂ ಬಂದು ಒಂದು ಮಾತು ಹೇಳಿದ. "ಜೋಪಾನ. ಇದ್ದದ್ದನ್ನು ಇದ್ದ ಹಾಗೇ ಓದು. ಒಂದೇ ಒಂದು ಮ ಸೇರಿಕೊಂಡರೂ ಇದು ತುಟಿ ಸೇರದ ಕಾವ್ಯವಾಗಿ ಉಳಿಯುವುದಿಲ್ಲ. ನಾನು ಬದುಕಿನಲ್ಲಿ ಗೆದ್ದದ್ದು ಅದೊಂದೇ."

ಗಾಣಿಗ ತಲೆಯಾಡಿಸಿ ಹೊರಟ.

ಮಡಿಲೋದಿನ ಸಂಜೆ ಚಪ್ಪರ ತುಂಬಿತು. ವ್ಯಾಪಾರಿ ತನ್ನ ಕಡೆಯವರಿಗೆ ಮೊದಲೇ ಎಲ್ಲ ಹೇಳಿಟ್ಟಿದ್ದ. ಗಂಡಸರು ಮೀಸೆಯಡಿ ನಗು ಇಟ್ಟುಕೊಂಡೇ ಕೂತರು. ಹೆಂಗಸರು ನಗು ಮುಚ್ಚಲು ಸೆರಗಿನ ತುದಿಯನ್ನು ಬಾಯಿಯ ಬಳಿ ಸಿದ್ಧವಾಗಿ ಹಿಡಿದಿದ್ದರು. ಬೊಮ್ಮಕ್ಕ ಒಳಗಿಂದ ಹೊರಗೇ ಬರಲಿಲ್ಲ. ಕವಿ ಎಲ್ಲರಿಗಿಂತ ಹಿಂದೆ ಕಂಬಕ್ಕೆ ಒರಗಿ ಕೂತಿದ್ದ.

ಗಾಣಿಗ ಓದಲು ಶುರುಮಾಡಿದ.

ಬಂದವರು ಮೊದಲ ಓಲೆಯಲ್ಲಿ ನಗುವುದಕ್ಕೆ ಕಾದರು. ಎರಡನೆಯದರಲ್ಲೂ ಕಾದರು. ಒಂದು ಅಕ್ಷರವೂ ತಪ್ಪಲಿಲ್ಲ. ಆಮೇಲೆ ಕಾಯುವುದನ್ನು ಮರೆತರು. ನದಿ ಬಂಡೆಯ ಸಂದಿನಲ್ಲಿ ಹುಟ್ಟಿದ್ದು ಕೇಳಿದರು. ಅದು ನಡೆಯಲು ಕಲಿತದ್ದು ಕೇಳಿದರು. ಗಿರಿ ತನ್ನ ನೆರಳಿನಿಂದ ಅದನ್ನು ಬಿಸಿಲಿಗೆ ಒಣಗದ ಹಾಗೆ ಕಾದದ್ದು ಕೇಳಿದರು. ಸೆರಗುಗಳು ಬಾಯಿಂದ ಕಣ್ಣಿಗೆ ಬಂದವು. ಎಂಥ ಓದು ಅದು! ದೊಡ್ಡ ಕಂಠವಲ್ಲ, ಇಂಪಾದ ಕಂಠವೂ ಅಲ್ಲ. ಆದರೆ ಆ ಕಾವ್ಯಕ್ಕೆ ಅದೇ ಬೇಕಾಗಿತ್ತು. ಕವಿಯ ಪ್ರಾಯ ಕಳೆದು ಮುಪ್ಪು ಬಂದ ಮೇಲೆ, ಕೊನೆಗೆ ಆ ಕಾವ್ಯಕ್ಕೊಂದು ಬಾಯಿ ಸಿಕ್ಕಿತ್ತು.

ಕೊನೆಯ ಓಲೆ ಬಂತು. ನದಿ ಹೊರಡುವ ಹೊತ್ತು. ಗಿರಿ ಅದಕ್ಕೆ ಹೇಳುತ್ತದೆ:

ಇಳಿದು ನಡೆ, ತಿರುಗದಿರು, ಕಡಲ ಸೇರಿದರೇನು,
ಎಲ್ಲಿದ್ದರೂ ನೀನು ನನ ಕೂಸು.

ಕವಿ ಬರೆದದ್ದು ಹೀಗೆ. ಗಾಣಿಗ "ಎಲ್ಲಿದ್ದರೂ ನೀನು ನನ" ಎನ್ನುವವರೆಗೆ ಓದಿ ನಿಂತುಬಿಟ್ಟ.

ಓದುತ್ತಿದ್ದ ಸಾಲು ತಪ್ಪಿತೇನೋ ಎಂದು ಚಪ್ಪರದಲ್ಲಿದ್ದವರು ಅಂದುಕೊಂಡರು. ಅವನು ಓಲೆಯನ್ನು ತೊಡೆಯ ಮೇಲಿಟ್ಟು ಪಕ್ಕದಲ್ಲಿದ್ದ ಹುಡುಗಿಯನ್ನು ನೋಡಿದ. ಹುಟ್ಟಿದ ದಿನದಿಂದ ಅವಳನ್ನು ಕೂಸು ಎಂದೇ ಕರೆದಿದ್ದ. ಬೇರೆ ತಂದೆಯರು ಇವಳು ನನ್ನ ಮಗಳು ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವಾಗ ಅವನು ನನ್ನ ಕೂಸು ಎನ್ನುತ್ತಿದ್ದ. ಅದೂ ಪ್ರೀತಿಯ ಮಾತೇ. ಆದರೆ ಆ ಇನ್ನೊಂದು ಪದ ಬಾಯಿಗೆ ಬಾರದ್ದರಿಂದ ಆಡಿದ ಮಾತು ಎಂಬುದು ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ನಾಳೆ ಅವಳು ಹೊರಟುಹೋಗುತ್ತಾಳೆ.

ಅವನು ಬಲಗೈಯ ಎರಡು ಬೆರಳುಗಳಿಂದ ಸೀಳಿದ ತುಟಿಯನ್ನು ಹಿಡಿದು ಕೆಳತುಟಿಗೆ ಒತ್ತಿದ. ಇಷ್ಟು ವರ್ಷ ಮೀಸೆಯಲ್ಲಿ ಮುಚ್ಚಿಕೊಂಡಿದ್ದ ಸೀಳನ್ನು ಎಲ್ಲರ ಎದುರಿಗೆ, ಬೀಗರ ಎದುರಿಗೆ, ಬೆರಳಿಟ್ಟು ತೋರಿಸಿದ ಹಾಗೆ ಆಯಿತು. ಒಂದು ನಗು ಎಲ್ಲಾದರೂ ಚಿಮ್ಮಿದ್ದರೆ ಅಲ್ಲಿಯವರೆಗೆ ಗಳಿಸಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುತ್ತಿತ್ತು.

"ಮಗಳು" ಎಂದ.

ಅಕ್ಷರ ದಪ್ಪವಾಗಿತ್ತು, ಸ್ವಲ್ಪ ಓರೆಯಾಗಿತ್ತು. ಆದರೆ ಮ ಎಂದರೆ ಮ. ಯಾರಿಗೂ ಬೇರೆ ಕೇಳಿಸಲಿಲ್ಲ.

ಹುಡುಗಿ "ಅಪ್ಪಾ" ಎಂದು ಅವನ ತೋಳು ಹಿಡಿದುಕೊಂಡಳು. ಒಳಗಿನಿಂದ ಬೊಮ್ಮಕ್ಕ ಓಡಿಬಂದಳು. ವ್ಯಾಪಾರಿ ಬಹಳ ಹೊತ್ತು ಬಗ್ಗಿಸಿದ ತಲೆ ಎತ್ತಲಿಲ್ಲ. ಆಮೇಲೆ ತನ್ನ ಕಡೆಯವರತ್ತ ತಿರುಗಿ ಗಟ್ಟಿಯಾಗಿ ಹೇಳಿದ: "ಎಲ್ಲಾರೂ ಕೇಳಿಸ್ಕೊಂಡ್ರಾ? ನಮ್ಮ ಸೊಸೆಗೆ ಅಪ್ಪ ಇದಾನೆ."

ಮದುವೆ ಮುಗಿದ ಮೇಲೆ ಗಾಣಿಗ ಓಲೆಯ ಕಟ್ಟನ್ನು ಕವಿಯ ಮನೆಗೆ ತೆಗೆದುಕೊಂಡು ಹೋದ. ತಲೆ ತಗ್ಗಿಸಿ ನಿಂತ.

"ಅಯ್ಯಾ, ಒಂದು ಕಡೆ ಗ್ರಂಥ ಕೆಡಿಸಿದೆ."

ಕವಿ ಬೆರಳು ಮಡಿಸಿ ಮಾತ್ರೆ ಎಣಿಸಿದ. ಕೂಸು ಎಂದರೂ ಮೂರು ಮಾತ್ರೆ, ಮಗಳು ಎಂದರೂ ಮೂರು ಮಾತ್ರೆ. ಛಂದಸ್ಸು ಮುರಿದಿರಲಿಲ್ಲ. ಮುರಿದದ್ದು ಕವಿ ಗೆದ್ದಿದ್ದ ಸವಾಲು ಒಂದೇ. ಅವನು ಕೊನೆಯ ಓಲೆಯನ್ನು ಎಳೆದುಕೊಂಡು, ಓಲೆಯ ಮೇಲೆ ಬರೆಯುವ ಕಂಟದ ಮೊನೆಯಿಂದ ಕೂಸು ಎಂಬುದನ್ನು ಕೆರೆದು, ಅಲ್ಲಿ ಮಗಳು ಎಂದು ಬರೆದ.

"ಜನ ಕೇಳಿದರೆ ಏನು ಹೇಳುತ್ತೀರಿ?" ಎಂದ ಗಾಣಿಗ.

"ಕೇಳುವವರು ಇಷ್ಟು ದಿನ ಎಲ್ಲಿದ್ದರು ಎನ್ನುತ್ತೇನೆ" ಎಂದ ಕವಿ. "ನನ್ನ ಕಾವ್ಯದಲ್ಲಿ ಒಂದೇ ಒಂದು ತಪ್ಪಿದೆ. ಇಡೀ ಕಾವ್ಯದಲ್ಲಿ ಸರಿಯಾಗಿರುವುದು ಅದೇ ಒಂದು ಸಾಲು."

ಗುರುಗಳು ಕತೆ ನಿಲ್ಲಿಸಿ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದರು. ಶಿಷ್ಯ ಸುಲಿಯುವುದನ್ನು ಯಾವಾಗಲೋ ಬಿಟ್ಟಿದ್ದ.

"ಆಮೇಲೆ ಆ ಊರಿನಲ್ಲಿ ಮಡಿಲೋದಿಗೆ ಎಲ್ಲರೂ ಅದೇ ಕಾವ್ಯ ಹಿಡಿದರಂತೆ" ಎಂದರು ಗುರುಗಳು. "ಕೊನೆಯ ಸಾಲಿಗೆ ಬಂದಾಗ ನೆಟ್ಟಗಿರುವ ತುಟಿಯವರೂ ಎರಡು ಬೆರಳು ಒತ್ತಿಕೊಂಡು ಮಗಳು ಎನ್ನುತ್ತಾರಂತೆ. ನನಗೆ ಅದು ಅಷ್ಟಾಗಿ ಸೇರುವುದಿಲ್ಲ. ಅವನದನ್ನು ಇವರೇಕೆ ಮಾಡಬೇಕು? ಇರಲಿ, ಜನ."

ಗುರುಸಿದ್ಧನ ಕಣ್ಣು ತುಂಬಿತ್ತು. "ಗುರುಗಳೇ, ಎಂಥ ಮನುಷ್ಯ!" ಎಂದ. "ನನಗೆ ತಿಳಿಯಿತು. ಹುಣ್ಣಿಮೆಗೆ ನಾನೂ ಆ ಕಾವ್ಯವನ್ನೇ ಓದುತ್ತೇನೆ. ನನ್ನ ಧ್ವನಿಗೆ ಅದು ಒಪ್ಪುತ್ತದೆ."

ಗುರುಗಳು ಅವನ ಕಡೆ ತಿರುಗಿದರು.

"ನಿನ್ನ ತುಟಿ ನೆಟ್ಟಗಿದೆಯಲ್ಲಪ್ಪ, ಹಾಗಿದ್ದೂ ಇಲ್ಲಿಯವರೆಗೆ ನಿನಗೆ ಹೇಳಲಾಗದೆ ಉಳಿದಿರುವ ಮಾತು ಯಾವುದು?"

ಗುರುಸಿದ್ಧ ಒಂದು ಹಿಡಿ ಅವರೆಕಾಯಿ ಎಳೆದುಕೊಂಡು ಮತ್ತೆ ಸುಲಿಯತೊಡಗಿದ.